ಸಾಂಕ್ರಾಮಿಕ ಕಾಲದ ಹಬ್ಬ: ಹಗಲು ಕೂಡಿ ಉಣ್ಣಿ, ರಾತ್ರಿ ಬೇರೆ ಮಲಗಿ

2020ರ ಯುಗಾದಿ ಮಾರ್ಚ್ 25ಕ್ಕೆ ಬಂತು, ದೇಶವ್ಯಾಪಿ ಲಾಕ್‌ಡೌನಿನ ಮೊದಲ ದಿನವೇ. ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕು ಎಂಬ ಪ್ರಶ್ನೆಯೇ ಆ ವರ್ಷ ಹುಟ್ಟಲಿಲ್ಲ. 2021ರ ಯುಗಾದಿ ಏಪ್ರಿಲ್ 13ಕ್ಕೆ. ಸಾರಿಗೆ ನೌಕರರ ಮುಷ್ಕರದಿಂದ ಸರ್ಕಾರಿ ಬಸ್ಸು ನಿಂತಿದ್ದರೂ ದುಡಿಯಲು ಹೋದವರು ಸಿಕ್ಕ ಗಾಡಿ ಹತ್ತಿ ಊರು ಸೇರಿದರು. ಎರಡು ವಾರ ಕಳೆಯುವಷ್ಟರಲ್ಲಿ, ಏಪ್ರಿಲ್ 27ಕ್ಕೆ, ಎರಡನೇ ಅಲೆ ತಾಳಲಾರದೆ ರಾಜ್ಯ ಮತ್ತೆ ಬಾಗಿಲು ಹಾಕಿತು. ಕಷ್ಟದ ಹಬ್ಬ ಈ ಎರಡನೆಯ ಥರದ್ದು: ಸೋಂಕು ಓಡಾಡುತ್ತಿದೆ, ತಡೆಯುವ ಆದೇಶವಿಲ್ಲ, ತೀರ್ಮಾನ ಮನೆಯ ಹಿರಿಯರ ತಲೆಗೆ ಬಿದ್ದಿದೆ.

ಹಬ್ಬ ಮಾಡಲೇಬೇಡಿ ಎಂದರೆ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಯಾರೂ ಕೇಳುವುದಿಲ್ಲ. ಪಂಚಮಿಗೆ ಮಗಳನ್ನು ತವರಿಗೆ ಕರೆಯದಿರುವುದು, ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಹೊಲಕ್ಕೆ ಎಡೆಯ ಚರಗ ಚೆಲ್ಲದಿರುವುದು ಆಗದ ಮಾತು. ಹಾಗಾಗಿ ಇಲ್ಲಿರುವುದು ಕೂಡುವ ಬಗೆ. ಅಂಕಿಗಳು ಕೋವಿಡ್‌ನವು, ಗಾಳಿಯಲ್ಲಿ ಹರಡುವ ಬೇರೆ ರೋಗ ಬಂದರೂ ಕ್ರಮ ಹೆಚ್ಚುಕಡಿಮೆ ಇದೇ.

ತಲೆ ಎಣಿಸಬೇಡಿ, ತಾಸು ಎಣಿಸಿ

"ನಾವು ಮನೆಯವರಷ್ಟೇ, ಎಂಟು ಮಂದಿ" ಎಂದು ಸಮಾಧಾನ ಮಾಡಿಕೊಳ್ಳುವುದೇ ಮೊದಲ ತಪ್ಪು. ಮಾತಾಡುವಾಗ, ಉಸಿರು ಬಿಡುವಾಗ ಹೊರಬರುವ ಅತಿ ಸಣ್ಣ ಹನಿಗಳು ಮುಚ್ಚಿದ ಕೋಣೆಯಲ್ಲಿ ತಾಸುಗಟ್ಟಲೆ ತೇಲುತ್ತವೆ. ಹೊಲದಲ್ಲಿ ಮೂವತ್ತು ಜನ ಎರಡು ತಾಸು ಚದುರಿ ಕೂತು ಉಂಡದ್ದಕ್ಕಿಂತ, ಅದೇ ರಾತ್ರಿ ಪಡಸಾಲೆಯಲ್ಲಿ ಕಿಟಕಿ ಹಾಕಿಕೊಂಡು ಎಂಟು ಜನ ಎಂಟು ತಾಸು ಸಾಲಾಗಿ ಮಲಗಿದ್ದು ಹೆಚ್ಚು ಅಪಾಯ. ಹಬ್ಬದ ಲೆಕ್ಕದಲ್ಲಿ ಜನ ಮರೆಯುವ ಮೂರು ಜಾಗಗಳಿವೆ: ಬರುವ ಗಾಡಿ, ಅಡುಗೆ ಮನೆ, ಮಲಗುವ ಕೋಣೆ. ಮೂರರಲ್ಲೂ ಯಾರೂ ಮಾಸ್ಕ್ ಹಾಕುವುದಿಲ್ಲ, ಮೂರರಲ್ಲೂ ಹೊತ್ತು ಹೆಚ್ಚು.

ಇನ್ನೊಂದು, ಲಕ್ಷಣ ಕಾಣಿಸುವ ಒಂದೆರಡು ದಿನ ಮೊದಲೇ ಸೋಂಕಿತರು ರೋಗ ಹರಡುತ್ತಾರೆ. ಕೆಲವರಿಗೆ ಲಕ್ಷಣ ಬರುವುದೇ ಇಲ್ಲ. ಬಾಗಿಲಲ್ಲಿ ನಿಂತು ಹಣೆಗೆ ಥರ್ಮಾಮೀಟರ್ ಗನ್ ಹಿಡಿದರೆ ಸಿಗುವುದು ಜ್ವರ ಇದ್ದವರು ಮಾತ್ರ. ಜ್ವರ ಇದ್ದವರು ಅಲ್ಲಿಯವರೆಗೆ ಬರಲೇಬಾರದಿತ್ತು.

ಎರಡು ವಾರ ಮೊದಲು

ಲಸಿಕೆ ಬಾಕಿ ಇದ್ದವರು ಹಬ್ಬಕ್ಕೆ ಕನಿಷ್ಠ ಎರಡು ವಾರ ಮೊದಲೇ ಹಾಕಿಸಿಕೊಳ್ಳಬೇಕು, ಮೈ ತಯಾರಾಗಲು ಅಷ್ಟು ಸಮಯ ಬೇಕು. ಹಬ್ಬದ ಹಿಂದಿನ ದಿನ ಹಾಕಿಸಿಕೊಂಡರೆ ಹಬ್ಬಕ್ಕೆ ಸಿಗುವುದು ಮೈಕೈ ನೋವಷ್ಟೇ.

ಮನೆಯಲ್ಲಿ ಯಾರು ಹೆಚ್ಚು ಅಪಾಯದಲ್ಲಿದ್ದಾರೆ ಎಂದು ಹೆಸರು ಹಿಡಿದು ಬರೆದುಕೊಳ್ಳಿ. ಅರವತ್ತು ದಾಟಿದವರು, ಸಕ್ಕರೆ ಕಾಯಿಲೆ, ಬಿಪಿ, ಕಿಡ್ನಿ, ಹೃದಯದ ತೊಂದರೆ ಇದ್ದವರು, ಬಸುರಿಯರು. ಇದು ಎಲ್ಲರಿಗೂ ಗೊತ್ತಿರುವ ಪಟ್ಟಿ. ನಮ್ಮ ಜಿಲ್ಲೆಗಳಲ್ಲಿ ಇನ್ನೊಂದು ಗುಂಪನ್ನು ಸೇರಿಸಬೇಕು: ಸಂಡೂರು, ಹೊಸಪೇಟೆ ಸುತ್ತ ಗಣಿ ಧೂಳಿನಲ್ಲಿ ದುಡಿದವರು, ಹತ್ತಿ ಜಿನ್ನಿಂಗ್ ಮತ್ತು ಅಕ್ಕಿ ಗಿರಣಿಯವರು, ಕಲ್ಲು ಕ್ವಾರಿಯವರು, ಹಿಂದೆ ಟಿಬಿ ಆದವರು. ವಯಸ್ಸು ನಲವತ್ತೈದೇ ಇದ್ದರೂ ಇವರ ಪುಪ್ಪಸಕ್ಕೆ ಅರವತ್ತರ ಎಚ್ಚರ ಬೇಕು.

ಆಮೇಲೆ ಫೋನು. ನಿಜವಾಗಿ ಕಷ್ಟದ ಕೆಲಸ ಇದೇ, ಉಳಿದದ್ದೆಲ್ಲ ಕಿಟಕಿ ತೆರೆಯುವಷ್ಟು ಹಗುರ. "ಬರಬೇಡಿ" ಎನ್ನುವ ಮಾತು ನಮ್ಮ ಕಡೆ ವರ್ಷಗಟ್ಟಲೆ ಉಳಿಯುತ್ತದೆ. ಆದ್ದರಿಂದ ಬರಬೇಡಿ ಎನ್ನುವ ಬದಲು ಹೇಗೆ ಬರಬೇಕು ಎಂದು ಹೇಳಿ, ಕಾರಣವನ್ನು ಮನೆಯ ಹಿರಿಯರ ಆರೋಗ್ಯಕ್ಕೆ ಹಚ್ಚಿ:

"ಕಾಕಾ, ಈ ಸಲ ಎಲ್ಲಾರೂ ಸೀದಾ ಹೊಲಕ್ಕ ಬರ್ರಿ, ಊಟ ಅಲ್ಲೇ. ಸಂಜಿಮುಂದ ಹೊಳ್ಳಿ ಹೋಗೂ ಹಂಗ ಬರ್ರಿ. ಅವ್ವಗ ಉಸಿರಿನ ತ್ರಾಸ ಐತಿ, ರಾತ್ರಿ ಒಂದೇ ಕ್ವಾಣ್ಯಾಗ ಮಂದಿ ಮಲಗೂದು ಬ್ಯಾಡ ಅಂದಾರ ಡಾಕ್ಟರು."

ಜ್ವರ ಬಂದ ಮಗಳಿಗೆ: "ಯವ್ವಾ, ಪಂಚಮಿ ಉಂಡಿ ಕಳಸ್ತೀವಿ. ಆರಾಮಾದ ಮ್ಯಾಲ ಬಾ, ನಾಕ ದಿನ ಜಾಸ್ತಿ ಇದ್ದು ಹೋಗುವಂತಿ."

ಬೀಗರಿಗೆ ಈ ಮಾತು ಹೇಳುವುದು ಮನೆಯ ಹಿರಿಯರೇ ಆಗಬೇಕು. ಹುಡುಗರು ವಾಟ್ಸಾಪಿನಲ್ಲಿ ನಿಯಮಗಳ ಪಟ್ಟಿ ಕಳಿಸಿದರೆ ಅದು ಖಂಡಿತ ಜಗಳಕ್ಕೆ ತಿರುಗುತ್ತದೆ. ಅದೇ ಫೋನಿನಲ್ಲಿ ಒಂದು ಒಪ್ಪಂದವೂ ಆಗಲಿ: ಜ್ವರ, ಗಂಟಲು ಕೆರೆತ, ನೆಗಡಿ, ಮೈಕೈ ನೋವು, ಭೇದಿ, ಇವುಗಳಲ್ಲಿ ಯಾವುದು ಕಂಡರೂ ಹೊರಡುವ ಬೆಳಿಗ್ಗೆಯಾದರೂ ಪಯಣ ರದ್ದು, ಯಾರೂ ಮುಖ ಊದಿಸಿಕೊಳ್ಳುವಂತಿಲ್ಲ. ಮೆಣಸಿನಕಾಯಿ ಘಾಟಿಗೆ, ಹತ್ತಿ ಧೂಳಿಗೆ ಕೆಮ್ಮು ಬಂದಿದೆ ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ. ಇರಬಹುದು. ಘಾಟಿನ ಕೆಮ್ಮು ಜಾಗ ಬಿಟ್ಟರೆ ಇಳಿಯುತ್ತದೆ. ಮರುದಿನವೂ ಇದ್ದರೆ ಪರೀಕ್ಷೆ ಮಾಡಿಸಿ. ಮಳೆಗಾಲದ ಜ್ವರವಾದರೆ ಡೆಂಗಿಯನ್ನೂ ಮರೆಯಬೇಡಿ.

ದಾರಿ

ಬೆಂಗಳೂರಿನಿಂದ ಹಂಪಿ ಎಕ್ಸ್‌ಪ್ರೆಸ್ಸಿನಲ್ಲೋ ರಾತ್ರಿ ಬಸ್ಸಿನಲ್ಲೋ ಬರುವವರಿಗೆ ಗಾಳಿಯಾಡುವ ಸ್ಲೀಪರ್ ಬೋಗಿ, ಕಿಟಕಿ ತೆರೆಯುವ ಬಸ್ಸು ಒಳ್ಳೆಯದು. ಊಟ ಹತ್ತುವ ಮೊದಲೇ ಮುಗಿಸಿ. ಬೋಗಿಯಲ್ಲಿ ಎಲ್ಲರೂ ಒಟ್ಟಿಗೆ ಬುತ್ತಿ ಬಿಚ್ಚಿ ಮಾಸ್ಕ್ ಇಳಿಸುವ ಆ ಅರ್ಧ ತಾಸಿನಲ್ಲಿ ನಿಮ್ಮ ಮಾಸ್ಕ್ ಮುಖದ ಮೇಲೇ ಇರಲಿ.

ಮಾಸ್ಕ್ ಎಂದರೆ ಎನ್95, ಕವಾಟ ಇಲ್ಲದ್ದು. ಕವಾಟ ಇದ್ದರೆ ನೀವು ಬಿಡುವ ಉಸಿರು ಸೋಸದೆ ಹೊರಹೋಗುತ್ತದೆ. ಹಾಕಿಕೊಂಡು ಮೂಗಿನ ಪಟ್ಟಿ ಒತ್ತಿ ಜೋರಾಗಿ ಉಸಿರು ಬಿಡಿ. ಕಣ್ಣಿನ ಕಡೆಗೋ ಕೆನ್ನೆಯ ಪಕ್ಕಕ್ಕೋ ಗಾಳಿ ತಾಗಿದರೆ ಸರಿಯಾಗಿ ಕೂತಿಲ್ಲ. ಗಡ್ಡದ ಮೇಲೆ ಕೂರುವುದಿಲ್ಲ. ಹಬ್ಬಕ್ಕೆಂದು ದೊಡ್ಡ ನತ್ತು ಹಾಕಿದ ಮೂಗಿನ ಮೇಲೂ ಕೂರುವುದಿಲ್ಲ, ದಾರಿಯಲ್ಲಿ ಚಿಕ್ಕ ಮೂಗುಬೊಟ್ಟು ಇರಲಿ, ನತ್ತನ್ನು ಮನೆಗೆ ಬಂದು ಹಾಕಿಕೊಳ್ಳಬಹುದು. ಎನ್95 ತೊಳೆಯಬಾರದು. ನಾಲ್ಕೈದು ಇಟ್ಟುಕೊಂಡು, ಬಳಸಿದ್ದನ್ನು ಕಾಗದದ ಚೀಲದಲ್ಲಿ ಒಣಗಲು ಬಿಟ್ಟು, ಸರದಿಯ ಮೇಲೆ ಹಾಕಿ. ಲಾಡಿ ಸಡಿಲಾದರೆ, ಒದ್ದೆಯಾದರೆ ಎಸೆಯಿರಿ.

ಇನ್ನು ಕ್ರೂಸರ್. ಸ್ಟೇಷನ್ನಿನಿಂದ ಹಳ್ಳಿಗೆ, ಹಳ್ಳಿಯಿಂದ ದೇವರ ಗುಡಿಗೆ, ಹದಿನಾಲ್ಕು ಜನ ಒತ್ತಿಕೊಂಡು ಗಾಜು ಏರಿಸಿ ಹಾಡು ಹಚ್ಚಿ ಹೋಗುವ ಒಂದು ತಾಸು ಇಡೀ ಹಬ್ಬದ ಅತಿ ಕೆಟ್ಟ ತಾಸು. ಎರಡು ಸುತ್ತು ಹೊಡೆಸಿ, ಎಲ್ಲ ಗಾಜು ಇಳಿಸಿ, ಮಾಸ್ಕ್ ಹಾಕಿ, ಹಾಡು ಇಳಿದ ಮೇಲೆ. ಹತ್ತಿರದ ಹೊಲಕ್ಕೆ ಬಂಡಿ ಕಟ್ಟುವ ರೂಢಿ ಇದ್ದರೆ ಅದನ್ನೇ ಮಾಡಿ. ಗಾಳಿ ಬರುತ್ತದೆಂದು ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಮಕ್ಕಳನ್ನು ತುಂಬಬೇಡಿ. ಅದು ಬೇರೆ ಥರದ ಅಪಾಯ.

ಮನೆಯಲ್ಲೇ ಮಾಡುವ ರ‍್ಯಾಪಿಡ್ ಕಿಟ್ ಬಳಸುವುದಾದರೆ ಎರಡು ಸಲ ಮಾಡಿ: ಹೊರಡುವ ದಿನ ಒಂದು, ಬಂದು ಮೂರನೇ ದಿನಕ್ಕೆ ಇನ್ನೊಂದು. ಬಸ್ಸಿನಲ್ಲಿ ತಗುಲಿದ ಸೋಂಕು ಇಳಿದ ತಕ್ಷಣ ಮಾಡಿದ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಕಡ್ಡಿಯನ್ನು ಎರಡೂ ಮೂಗಿನ ಹೊಳ್ಳೆಯಲ್ಲಿ ಪೊಟ್ಟಣದಲ್ಲಿ ಹೇಳಿದಷ್ಟು ಆಳಕ್ಕೆ, ಸಾಮಾನ್ಯವಾಗಿ 2ರಿಂದ 4 ಸೆಂಟಿಮೀಟರ್, ಇಳಿಸಿ ಐದು ಸಲ ತಿರುಗಿಸಬೇಕು. ತುದಿಯನ್ನಷ್ಟೇ ತಾಗಿಸಿ ತೆಗೆದರೆ ಎಲ್ಲರೂ ನೆಗೆಟಿವ್ ಬರುತ್ತಾರೆ. 15 ನಿಮಿಷಕ್ಕೆ ಓದಿ. 20 ನಿಮಿಷ ದಾಟಿದ ಮೇಲೆ ಮೂಡಿದ ಗೆರೆಗೆ ಬೆಲೆಯಿಲ್ಲ. ಸಿ ಗೆರೆ ಬರದಿದ್ದರೆ ಕಿಟ್ಟೇ ಕೆಟ್ಟಿದೆ. ನಮ್ಮ ಬಿಸಿಲಿಗೆ ಅದು ಅಪರೂಪವಲ್ಲ: ಈ ಕಿಟ್‌ಗಳನ್ನು ಸಾಮಾನ್ಯವಾಗಿ 30 ಡಿಗ್ರಿಯೊಳಗೆ ಇಡಬೇಕು, ಏಪ್ರಿಲ್‌ನಲ್ಲಿ ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟದ್ದು ಕೆಲಸಕ್ಕೆ ಬರುವುದಿಲ್ಲ. ಲಕ್ಷಣ ಇದ್ದೂ ರ‍್ಯಾಪಿಡ್ ನೆಗೆಟಿವ್ ಬಂದರೆ ಆರ್‌ಟಿ-ಪಿಸಿಆರ್ ಮಾಡಿಸಬೇಕು. ನೆಗೆಟಿವ್ ಎಂದು ಹಬ್ಬಕ್ಕೆ ಹೊರಡುವುದಲ್ಲ.

ಮನೆಯ ಗಾಳಿ

ಜನ ಬರುವ ಮೊದಲು ಒಂದು ಊದಿನಕಡ್ಡಿ ಹಚ್ಚಿ, ಕೂರುವ ಕೋಣೆಯ ನಡುವೆ ಹಿಡಿದು ನಿಲ್ಲಿ. ಹೊಗೆ ಒಂದು ಕಡೆ ಎಳೆದುಕೊಂಡು ಕಿಟಕಿಯಿಂದಲೋ ಬಾಗಿಲಿಂದಲೋ ಹೊರಹೋದರೆ ಗಾಳಿ ಓಡುತ್ತಿದೆ. ಅಲ್ಲೇ ಸುತ್ತಿ ನಿಂತರೆ ಉಸಿರೂ ಅಲ್ಲೇ ನಿಲ್ಲುತ್ತದೆ. ಹಳೆಯ ಮಾಳಿಗೆ ಮನೆಗಳಲ್ಲಿ ಗೋಡೆ ದಪ್ಪ, ಕಿಟಕಿ ಸಣ್ಣ, ಆದರೆ ಮಾಳಿಗೆಯಲ್ಲಿ ಬೆಳಕಿಂಡಿ ಇರುತ್ತದೆ. ಮಳೆ ನೀರು ಬರುತ್ತದೆಂದು ಗಾಜಿನ ತುಂಡೋ ತಗಡೋ ಮುಚ್ಚಿಟ್ಟಿರುತ್ತಾರೆ. ಅದನ್ನು ಸರಿಸಿ, ಮುಂಬಾಗಿಲನ್ನೂ ಹಿತ್ತಲ ಬಾಗಿಲನ್ನೂ ತೆರೆದಿಟ್ಟರೆ ಬಿಸಿ ಗಾಳಿ ಮೇಲಕ್ಕೆ ಏರಿ ಹೋಗುತ್ತದೆ. ಹೊಸ ಆರ್‌ಸಿಸಿ ಮನೆಗಳಲ್ಲಿ ಈ ಅನುಕೂಲ ಇಲ್ಲ. ಅಲ್ಲಿ ಗಾಳಿ ಹೊರಹೋಗುವ ಕಡೆಯ ಕಿಟಕಿಗೆ ಒಂದು ಟೇಬಲ್ ಫ್ಯಾನನ್ನು ಮುಖ ಹೊರಗೆ ಮಾಡಿ ಇಡಿ, ಎದುರಿನ ಬಾಗಿಲು ತೆರೆದಿರಲಿ. ತಲೆ ಮೇಲಿನ ಫ್ಯಾನು ಇದ್ದ ಗಾಳಿಯನ್ನೇ ಕಲಕುತ್ತದೆ. ಕಿಟಕಿ ಮುಚ್ಚಿದ್ದರೆ ಅದರಿಂದ ಉಪಯೋಗ ಸೆಕೆಗೆ ಮಾತ್ರ.

ಕೂಲರ್ ವಿಷಯ ವಿವರವಾಗಿ ಹೇಳಬೇಕು, ಏಕೆಂದರೆ ಯುಗಾದಿಯ ಹೊತ್ತಿಗೆ ಬಳ್ಳಾರಿ, ರಾಯಚೂರಿನಲ್ಲಿ ಕೂಲರ್ ಇಲ್ಲದೆ ಯಾರೂ ಕೂರುವುದಿಲ್ಲ. ಕಿಟಕಿಯ ಹೊರಗೆ ಕೂರಿಸಿದ ಕೂಲರ್ ಹೊರಗಿನ ಗಾಳಿಯನ್ನು ನೀರಲ್ಲಿ ತಣಿಸಿ ಒಳಗೆ ತಳ್ಳುತ್ತದೆ. ಅಂದರೆ ಹಬ್ಬದ ಮನೆಗೆ ಇದಕ್ಕಿಂತ ಒಳ್ಳೆಯ ಯಂತ್ರವಿಲ್ಲ. ಷರತ್ತು ಒಂದೇ: ಎದುರು ಬದಿಯಲ್ಲಿ ಕೂಲರಿನ ಬಾಯಿಯಷ್ಟಾದರೂ ಅಗಲ ಕಿಟಕಿ ತೆರೆದಿರಬೇಕು. ತೆರೆಯದಿದ್ದರೆ ಒಳಗೆ ಜಿಗಿಜಿಗಿ ಶೆಕೆ ಶುರುವಾಗುತ್ತದೆ. ಗಾಳಿ ನಿಂತಿದೆ ಎನ್ನುವುದಕ್ಕೆ ಅದೇ ಗುರುತು. ಅದೇ ಕೂಲರನ್ನು ಕೋಣೆಯ ಮೂಲೆಯಲ್ಲಿ ಇಟ್ಟರೆ ಎಲ್ಲರ ಉಸಿರನ್ನೂ ತಣ್ಣಗೆ ಮಾಡಿ ಎಲ್ಲರಿಗೂ ಹಂಚುತ್ತದೆ. ಸ್ಪ್ಲಿಟ್ ಎಸಿಯೂ ಹಾಗೆಯೇ, ಹೊರಗಿನ ಗಾಳಿ ತರುವುದಿಲ್ಲ. ಹಾಕಲೇಬೇಕಾದರೆ ಕಿಟಕಿ ಸ್ವಲ್ಪ ತೆರೆದಿಡಿ, ಕರೆಂಟ್ ಬಿಲ್ ಒಂದು ದಿನಕ್ಕೆ ಏರಲಿ. ಕೂಲರ್ ನೀರನ್ನು ವಾರಕ್ಕೊಮ್ಮೆ ಪೂರ್ತಿ ಚೆಲ್ಲಿ ಒರೆಸಬೇಕು, ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಅಲ್ಲಿಯೇ.

ಅಡುಗೆ ಮನೆ

ಹೂರಣ ರುಬ್ಬಿ, ಕಣಕ ನಾದಿ, ಹೋಳಿಗೆ ಬೇಯಿಸಿ ಮುಗಿಯಲು ನಾಲ್ಕು ತಾಸು. ಆ ನಾಲ್ಕು ತಾಸು ಅತ್ತೆ, ಸೊಸೆ, ನಾದಿನಿ, ಬಂದ ಹೆಣ್ಣುಮಕ್ಕಳು ಎಲ್ಲರೂ ಹತ್ತಡಿ ಜಾಗದಲ್ಲಿ, ಒಲೆಯ ಶೆಕೆಗೆ ಮಾಸ್ಕ್ ಇಲ್ಲದೆ, ವರ್ಷದ ಮಾತು ಆಡುತ್ತ ಕೂತಿರುತ್ತಾರೆ. ಗಂಡಸರು ಕಟ್ಟೆಯ ಮೇಲೆ ಗಾಳಿಗೆ ಕೂತು "ನಾವು ಅಂತರ ಕಾಯ್ದಿದ್ದೇವೆ" ಎನ್ನುತ್ತಾರೆ. ಮನೆಗೆ ಸೋಂಕು ಬಂದರೆ ಒಳಗಿದ್ದ ಹೆಂಗಸರಿಗೆ ಮೊದಲು ತಗುಲುವ ಸಂಭವವೇ ಹೆಚ್ಚು.

ಕೆಲಸ ಒಡೆಯಿರಿ. ಕಡಕ್ ರೊಟ್ಟಿ, ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿಪುಡಿ, ಉಂಡಿ ಇವು ದಿನಗಟ್ಟಲೆ ಕೆಡುವುದಿಲ್ಲ. ಪ್ರತಿ ಮನೆಯವರು ತಮ್ಮ ಮನೆಯಲ್ಲೇ ಮಾಡಿ ತರಲಿ, ಒಬ್ಬರಿಗೆ ರೊಟ್ಟಿ, ಇನ್ನೊಬ್ಬರಿಗೆ ಚಟ್ನಿ. ಹಬ್ಬದ ದಿನ ಬಿಸಿಯಾಗಿ ಬೇಕಾದದ್ದು ಅನ್ನ, ಸಾರು, ಎಣ್ಣೆಗಾಯಿ, ಪುಂಡಿಪಲ್ಯ ಅಷ್ಟೇ. ಅದನ್ನು ಮನೆಯವರೇ ಇಬ್ಬರು ಮಾಡಬಹುದು. ಹೂರಣದ ಹೋಳಿಗೆ ಅವತ್ತೇ ಆಗಬೇಕೆಂದರೆ ಒಲೆಯನ್ನು ಹಿತ್ತಲಿಗೆ ಹಾಕಿ. ಗಂಡಸರೂ ಕೈ ಹಾಕಿದರೆ ಎರಡೇ ತಾಸಿನಲ್ಲಿ ಮುಗಿಯುತ್ತದೆ. ಊಟದಿಂದ ಕೋವಿಡ್ ಹರಡುವುದು ಕಂಡಿಲ್ಲ. ಭಯ ಬೇಕಾದ್ದು ಅಡುಗೆಗಲ್ಲ, ಅಡುಗೆಯ ಸುತ್ತ ಕೂರುವುದಕ್ಕೆ.

ಪಂಕ್ತಿ, ಹೊಲ, ಕಟ್ಟೆ

ಮಾಸ್ಕ್ ಇಳಿಯುವುದು ಊಟಕ್ಕೆ. ಆದ್ದರಿಂದ ಊಟ ಬಯಲಿನಲ್ಲೇ ಆಗಲಿ: ಅಂಗಳ, ಮಾಳಿಗೆ, ಹೊಲ. ಈ ವಿಷಯದಲ್ಲಿ ಎಳ್ಳಮಾಸಿ ಎಲ್ಲ ಹಬ್ಬಗಳಿಗೂ ಮಾದರಿ. ಚಳಿಗಾಲದ ಎಳೆಬಿಸಿಲು, ನಿಂತ ಜೋಳ, ಬನ್ನಿಗಿಡದ ಬುಡದಲ್ಲಿ ಪೂಜೆ, ಸಜ್ಜಿ ರೊಟ್ಟಿ; ಯಾರಿಗೂ ಒಳಗೆ ಹೋಗುವ ಕಾರಣವೇ ಇಲ್ಲ. ಒಂದೊಂದು ಮನೆಗೆ ಒಂದೊಂದು ಜಮಖಾನ ಹಾಸಿ, ನಡುವೆ ಆರೇಳು ಅಡಿ ಬಿಡಿ. ಕೈಯಲ್ಲಿ ಒಂದು ಹಿಡಿ ಮಣ್ಣು ತೂರಿ ಗಾಳಿ ಯಾವ ಕಡೆಯಿಂದ ಬರುತ್ತಿದೆ ನೋಡಿ, ಅಜ್ಜ ಅಜ್ಜಿಯರ ಜಮಖಾನ ಗಾಳಿ ಬರುವ ಕಡೆಗೆ ಇರಲಿ. ಎಲ್ಲರಿಗೂ ಬಡಿಸುವವರು ಒಬ್ಬರೋ ಇಬ್ಬರೋ, ಮಾಸ್ಕ್ ಹಾಕಿಕೊಂಡು. ಹತ್ತಾರು ಕೈ ಒಂದೇ ಸೌಟಿಗೆ ಹೋಗುವುದು ತಪ್ಪುತ್ತದೆ, ಅದಕ್ಕಿಂತ ಮುಖ್ಯವಾಗಿ ಎಲ್ಲರೂ ಎದ್ದು ಗುಂಪಾಗುವುದು ತಪ್ಪುತ್ತದೆ. ಒಂದು ಕೊಡ ನೀರು, ಸಾಬೂನು, 20 ಸೆಕೆಂಡ್ ಕೈತೊಳೆತ ಸಾಕು. ದೀಪಾವಳಿಗೆ ಸ್ಯಾನಿಟೈಸರ್ ಬಾಟಲಿಯನ್ನು ಹಣತೆ, ಪಟಾಕಿಯ ಹತ್ತಿರ ತರಲೇಬೇಡಿ. ಅದರ ಜ್ವಾಲೆ ಬೆಳಕಿನಲ್ಲಿ ಸರಿಯಾಗಿ ಕಾಣುವುದೂ ಇಲ್ಲ.

ದಸರೆಗೆ ಕೊಡುವ ಬನ್ನಿ ಎಲೆಯಿಂದ ಏನೂ ಆಗುವುದಿಲ್ಲ. ಇಪ್ಪತ್ತು ಮನೆಗೆ ಹೋಗಿ ಪ್ರತಿ ಮನೆಯ ಒಳಗೆ ಹತ್ತು ನಿಮಿಷ ಚಹಾ ಕುಡಿದರೆ ಮೂರು ತಾಸು ಇಪ್ಪತ್ತು ಕುಟುಂಬಗಳ ಗಾಳಿ ಕುಡಿದಂತಾಯಿತು. ಬನ್ನಿ ಕೊಟ್ಟು, ಕಟ್ಟೆಯಿಂದಲೇ ಕಾಲಿಗೆ ಬಿದ್ದು, ಹೊರಡಿ. ದೀಪಾವಳಿಯ ಆರತಿ ಅಂಗಳದಲ್ಲಿ ಆಗಬಹುದು, ಮಾಸ್ಕ್ ಹಾಕಿಕೊಂಡು. ಫೋಟೋಕ್ಕೆಂದು ಇಳಿಸಿ ಮುಖಕ್ಕೆ ಮುಖ ಹಚ್ಚುವುದೇ ತಾಪತ್ರಯ.

ಇಸ್ಪೀಟು ಮಾತ್ರ ಬಿಡಿ. ಪೊಲೀಸರ ಭಯಕ್ಕೆ ಬಾಗಿಲು ಹಾಕಿದ ಕೋಣೆ, ಬೀಡಿ ಹೊಗೆ, ಕೂಗಾಟ, ಬೆಳಗಿನ ಜಾವದವರೆಗೆ. ಕೂಗಿ ಮಾತಾಡಿದಷ್ಟೂ ಹನಿ ಹೆಚ್ಚು. ಇದಕ್ಕೆ ಸುರಕ್ಷಿತ ವಿಧಾನ ಹೇಳುವಂಥದ್ದೇನೂ ಇಲ್ಲ.

ರಾತ್ರಿ

ಹತ್ತಿರದವರು ಸಂಜೆಗೆ ಹೊರಡಲಿ. ದೂರದವರು ಉಳಿಯಲೇಬೇಕಾದರೆ ಒಂದು ಕುಟುಂಬಕ್ಕೆ ಒಂದು ಕೋಣೆ. ಸಾಲದಿದ್ದರೆ ಊರೊಳಗೆ ಖಾಲಿ ಇರುವ ಅಣ್ಣತಮ್ಮಂದಿರ ಮನೆ. ಯುಗಾದಿ ಹೊತ್ತಿಗೆ ಮಾಳಿಗೆಯ ಮೇಲೆ ಮಲಗುವುದು ಹೇಗೂ ರೂಢಿ. ಹಾಸಿಗೆಗಳ ನಡುವೆ ಅಂತರ ಇರಲಿ, ತಲೆಯ ಕಡೆಗೆ ಇನ್ನೊಬ್ಬರ ಕಾಲು ಬರುವಂತೆ ಮಲಗಿ. ಮೊಮ್ಮಕ್ಕಳು ಅಜ್ಜಿಯ ಮಗ್ಗುಲಲ್ಲಿ ಮಲಗುವ ಹಟವೇ ದೊಡ್ಡ ಸಂಕಟ. ಕತೆ ಕಟ್ಟೆಯ ಮೇಲೆ ಮುಗಿಸಿ, ನಿದ್ದೆ ಬಂದ ಮೇಲೆ ಎತ್ತಿ ಒಯ್ಯಿರಿ.

ಹಬ್ಬದ ನಂತರದ ಐದು ದಿನ

ಯಾರು ಬಂದಿದ್ದರು, ಯಾರ ಜಮಖಾನದಲ್ಲಿ ಕೂತಿದ್ದರು, ಯಾವ ಗಾಡಿಯಲ್ಲಿ ಬಂದರು ಎಂದು ಅವತ್ತೇ ಒಂದು ಹಾಳೆಯಲ್ಲಿ ಬರೆದಿಡಿ. ಐದು ದಿನ ಹಿರಿಯರಿರುವ ಬೇರೆ ಮನೆಗೆ, ಮದುವೆಗೆ ಹೋಗಬೇಡಿ. ಯಾರಿಗಾದರೂ ಲಕ್ಷಣ ಕಂಡರೆ ಅವತ್ತೇ ಎಲ್ಲರಿಗೂ ಫೋನು ಹೋಗಲಿ. "ಹಬ್ಬಕ್ಕೆ ಕರೆದು ರೋಗ ಕೊಟ್ಟರು" ಎನ್ನಿಸಿಕೊಳ್ಳುವ ಭಯಕ್ಕೆ ನಾಲ್ಕು ದಿನ ಮುಚ್ಚಿಟ್ಟರೆ ಆ ನಾಲ್ಕು ದಿನದಲ್ಲಿ ಇನ್ನೂ ಹತ್ತು ಮನೆಗೆ ಹೋಗಿರುತ್ತದೆ.

ಪಾಸಿಟಿವ್ ಬಂದವರಿಗೆ ಹೊರಗಡೆ ಕಿಟಕಿ ಇರುವ ಕೋಣೆ. ನೋಡಿಕೊಳ್ಳುವವರು ಒಬ್ಬರೇ, ವಯಸ್ಸಾದವರಲ್ಲ, ಎನ್95 ಹಾಕಿದವರು. ಸೌಮ್ಯ ಸೋಂಕಿಗೆ 2022ರ ಜನವರಿಯ ಕೇಂದ್ರದ ನಿಯಮದಂತೆ ಪಾಸಿಟಿವ್ ಬಂದ ದಿನದಿಂದ ಕನಿಷ್ಠ 7 ದಿನ, ಕೊನೆಯ 3 ದಿನ ಜ್ವರ ಇಲ್ಲದೆ.

ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ದಿನಕ್ಕೆ ಮೂರ್ನಾಲ್ಕು ಸಲ. ಐದು ನಿಮಿಷ ಸುಮ್ಮನೆ ಕೂತು, ಕೈ ಬೆಚ್ಚಗೆ ಮಾಡಿಕೊಂಡು ತೋರುಬೆರಳಿಗೋ ನಡುಬೆರಳಿಗೋ ಹಾಕಿ, ಅಂಕಿ ನಿಲ್ಲುವವರೆಗೆ ಕಾಯಿರಿ. ಉಗುರು ಬಣ್ಣ ಅಳಿಸಿ. ಹಬ್ಬಕ್ಕೆ ಗಾಢ ಮೆಹಂದಿ ಹಚ್ಚಿದ ಬೆರಳನ್ನು ಬಿಟ್ಟು ಹಚ್ಚದ ಬೆರಳಿಗೆ ಹಾಕಿ. ಮೈಬಣ್ಣ ಕಪ್ಪಿದ್ದರೆ ಯಂತ್ರ ಇದ್ದದ್ದಕ್ಕಿಂತ ತುಸು ಹೆಚ್ಚು ತೋರಿಸಬಹುದು, ಆದ್ದರಿಂದ 94 ಎಂದರೆ ನಿಶ್ಚಿಂತೆ ಅಲ್ಲ. 94ಕ್ಕಿಂತ ಕೆಳಗೆ ಬಂದರೆ, ಮೂರು ದಿನ ಜ್ವರ ಇಳಿಯದಿದ್ದರೆ, ಉಸಿರಿಗೆ ತ್ರಾಸ, ಎದೆ ನೋವು, ಮಾತು ತೊದಲುವುದು, ಮಂಪರು ಕಂಡರೆ 108ಕ್ಕೆ ಕರೆ ಮಾಡಿ. ಸಲಹೆಗೆ 104. ಬಳ್ಳಾರಿಯಲ್ಲಿ ಜನ ಇಂದಿಗೂ ವಿಮ್ಸ್ ಎನ್ನುವ ವೈದ್ಯಕೀಯ ಕಾಲೇಜು ಆಸ್ಪತ್ರೆ, ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್ ಇವೆ. ದೂರದ ತಾಲ್ಲೂಕುಗಳಿಂದ ಗಂಟೆಗಟ್ಟಲೆ ದಾರಿ, ಹಾಗಾಗಿ 90ಕ್ಕೆ ಇಳಿಯುವವರೆಗೆ ಕಾಯಬಾರದು.

ಆಂಬುಲೆನ್ಸ್ ಬರುವವರೆಗೆ, ರೋಗಿ ಎಚ್ಚರವಾಗಿದ್ದರೆ, ಬೋರಲು ಮಲಗಿಸಿ: ಕುತ್ತಿಗೆಯ ಕೆಳಗೆ ಒಂದು ದಿಂಬು, ಎದೆಯಿಂದ ತೊಡೆಯವರೆಗೆ ಒಂದೋ ಎರಡೋ, ಮೊಣಕಾಲ ಕೆಳಗಿನ ಭಾಗಕ್ಕೆ ಎರಡು. ಅರ್ಧ ತಾಸಿಗೊಮ್ಮೆ ಬಲ ಮಗ್ಗುಲು, ಒರಗಿ ಕೂರುವುದು, ಎಡ ಮಗ್ಗುಲು ಎಂದು ಬದಲಿಸಿ. ಉಂಡು ಒಂದು ತಾಸು ಆಗಿರದಿದ್ದರೆ, ಬಸುರಿಯಾಗಿದ್ದರೆ, ದೊಡ್ಡ ಹೃದಯದ ಕಾಯಿಲೆ ಇದ್ದರೆ, ಬೆನ್ನುಮೂಳೆ ಅಥವಾ ತೊಡೆಮೂಳೆ ಮುರಿದಿದ್ದರೆ ಬೋರಲು ಬೇಡ. ಜೊತೆಗೆ ಒಂದು ಚೀಲದಲ್ಲಿ ದಿನನಿತ್ಯದ ಗುಳಿಗೆಗಳು, ಆಧಾರ್, ಫೋನ್ ಚಾರ್ಜರ್ ಮತ್ತು ಬೆಳಗಿನಿಂದ ನೋಡಿದ ಆಕ್ಸಿಮೀಟರ್ ಅಂಕಿಗಳನ್ನು ಗಂಟೆ ಸಮೇತ ಬರೆದ ಚೀಟಿ ಇಡಿ. ಡಾಕ್ಟರು ಮೊದಲು ಕೇಳುವುದು ಅದನ್ನೇ.